ಎಡಿಎಚ್‌ಡಿ ಇರುವ ಮಗುವಿನ ಜೊತೆ ಹಂಪಿ ನೋಡುವುದು ಹೇಗೆ? ತಯಾರಿಯಿಂದ ವಾಪಸು ಬರುವವರೆಗೆ

ಮನೆಯಲ್ಲಿ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ ಇರುವ ಮಗು ಇದ್ದರೆ, ಪ್ರವಾಸ ಅಂದ ಕೂಡಲೇ ಎರಡು ಥರದ ಮಾತು ಕೇಳಿಬರುತ್ತದೆ. ಒಬ್ಬರು, "ಇವನನ್ನ ಕಟ್ಕೊಂಡು ಎಲ್ಲಿಗೆ ಹೋಗೋದು, ಸುಮ್ನೆ ಮನೇಲಿರೋಣ" ಅನ್ನುತ್ತಾರೆ. ಇನ್ನೊಬ್ಬರು, "ನಾಲ್ಕು ಊರು ಸುತ್ತಿಸಿ, ತಾನಾಗೇ ಸರಿಹೋಗ್ತಾನೆ" ಅನ್ನುತ್ತಾರೆ. ಇಬ್ಬರ ಮಾತನ್ನೂ ಪಕ್ಕಕ್ಕಿಡಿ.

ಪ್ರವಾಸದಿಂದ ಎಡಿಎಚ್‌ಡಿ ವಾಸಿಯಾಗುವುದಿಲ್ಲ. ಚಿಕಿತ್ಸೆ ಅಂದರೆ ಅಪ್ಪ ಅಮ್ಮನಿಗೆ ಕೊಡುವ ವರ್ತನೆಯ ತರಬೇತಿ, ಶಾಲೆಯ ಸಹಕಾರ, ಬೇಕಿದ್ದವರಿಗೆ ಔಷಧಿ. ಪ್ರವಾಸ ಇವಕ್ಕೆಲ್ಲ ಒತ್ತಾಸೆಯಾಗಬಹುದು, ಅಷ್ಟೇ. ಸರದಿಗೆ ಕಾಯುವುದು, ಹೊತ್ತು ಎಷ್ಟಾಯಿತು ಅಂತ ಅಂದಾಜು ಮಾಡುವುದು, ಶುರು ಮಾಡಿದ್ದನ್ನು ಮುಗಿಸುವುದು, ಅಂದುಕೊಂಡಿದ್ದು ಬದಲಾದರೆ ಸಹಿಸಿಕೊಳ್ಳುವುದು ಈ ಮಕ್ಕಳಿಗೆ ಕಷ್ಟ. ಶಾಲೆಯಲ್ಲಿ ಇದನ್ನೆಲ್ಲ ಬೆಂಚಿನ ಮೇಲೆ ಕೂತು ಮಾಡಬೇಕು. ಹಂಪಿಯಲ್ಲಿ ಓಡಾಡುತ್ತಾ ಮಾಡಬಹುದು.

ಬಯಲಿನ ಓಡಾಟದ ಬಗ್ಗೆ ಒಂದು ಸಣ್ಣ ಅಧ್ಯಯನವೂ ಇದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 2009ರಲ್ಲಿ ಪ್ರಕಟಿಸಿದ್ದು. ಎಡಿಎಚ್‌ಡಿ ಇರುವ 7ರಿಂದ 12 ವರ್ಷದ ಮಕ್ಕಳನ್ನು ಇಪ್ಪತ್ತು ನಿಮಿಷ ಪಾರ್ಕಿನಲ್ಲಿ ನಡೆಸಿದಾಗ, ಪೇಟೆ ಬೀದಿಯಲ್ಲಿ ನಡೆದಾಗಿನದಕ್ಕಿಂತ ಅವರ ಗಮನ ಚೆನ್ನಾಗಿತ್ತು. ಮಕ್ಕಳ ಸಂಖ್ಯೆ ಇಪ್ಪತ್ತಕ್ಕೂ ಕಡಿಮೆ. ಹಾಗಾಗಿ ಇದನ್ನು ಹಿಡಿದುಕೊಂಡು ದೊಡ್ಡ ದೊಡ್ಡ ಮಾತಾಡುವುದು ಬೇಡ. ಆದರೆ ಇಂಥ ಮಗುವಿನ ಜೊತೆ ಬಯಲಲ್ಲಿ ಒಂದು ಬೆಳಿಗ್ಗೆ ಕಳೆದವರಿಗೆ ಇದು ಆಶ್ಚರ್ಯದ ಸುದ್ದಿಯೂ ಅಲ್ಲ.

ಮುಂದೆ ಹೇಳುವ ಹಂತಗಳಿಗೆಲ್ಲ ತಳಹದಿ ಒಂದೇ: ನೋಡುವ ಜಾಗವನ್ನು ಅರ್ಧಕ್ಕೆ ಇಳಿಸಿ, ಪ್ರತಿ ಜಾಗದಲ್ಲೂ ಮಗುವಿಗೆ ಒಂದು ಕೆಲಸ ಕೊಡಿ.

ಹಂತ 1: ಮೊದಲು ಡಾಕ್ಟರ ಹತ್ತಿರ ಮಾತಾಡಿ

ಮಗುವಿಗೆ ಎಡಿಎಚ್‌ಡಿ ಇದೆ ಅಂತ ಯಾರೂ ಇನ್ನೂ ಪರೀಕ್ಷೆ ಮಾಡಿ ಹೇಳಿಲ್ಲ, ನಿಮಗೆ ಅನುಮಾನ ಮಾತ್ರ ಇದೆ ಅಂದರೆ ಪ್ರವಾಸಕ್ಕಿಂತ ಮೊದಲು ಆ ಕೆಲಸ ಆಗಲಿ. ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ಕಾಣಿಸಿಕೊಂಡಿರಬೇಕು. ಮನೆ, ಶಾಲೆ ಹೀಗೆ ಎರಡು ಕಡೆಯಾದರೂ ಇರಬೇಕು. ಮನೆಯಲ್ಲಿ ಮಾತ್ರ ಗಲಾಟೆ ಮಾಡಿ ಶಾಲೆಯಲ್ಲಿ ಆರಾಮಾಗಿರುವ ಮಗುವಿನ ಕಥೆ ಬೇರೆ ಇರಬಹುದು. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಅವರಲ್ಲಿ ಎಷ್ಟೋ ಜನ ಓಡಾಡಿ ಗಲಾಟೆ ಮಾಡುವುದಿಲ್ಲ, ಕಿಟಕಿಯಾಚೆ ನೋಡುತ್ತಾ ಕಳೆದುಹೋಗುತ್ತಾರೆ. "ಪಾಪ, ಸಾಧು ಹುಡುಗಿ" ಅಂತ ಎಲ್ಲರೂ ಸುಮ್ಮನಾಗಿಬಿಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗ ಇದೆ. ಎಲ್ಲಿಂದ ಶುರು ಮಾಡಬೇಕು ಅಂತಲೇ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಮಗು ಔಷಧಿ ತಗೊಳ್ಳುತ್ತಿದ್ದರೆ ಡಾಕ್ಟರನ್ನು ಮೂರು ವಿಷಯ ಕೇಳಿ. ಪ್ರವಾಸದ ದಿನ ಮಾತ್ರೆ ಎಷ್ಟು ಹೊತ್ತಿಗೆ? ಒಂದು ಹೊತ್ತು ತಪ್ಪಿಹೋದರೆ ಏನು ಮಾಡಬೇಕು? ಬಿಸಿಲಿನಲ್ಲಿ ಏನು ಗಮನಿಸಬೇಕು? "ರಜ ಅಲ್ವಾ, ಮಾತ್ರೆಗೂ ರಜ" ಅಂತ ನೀವೇ ನಿರ್ಧಾರ ಮಾಡಬೇಡಿ. ಅಟೊಮಾಕ್ಸೆಟಿನ್ ಥರದ ಔಷಧಿಯನ್ನು ದಿನಾ ತಗೊಂಡರೆ ಮಾತ್ರ ಉಪಯೋಗ.

ಎಡಿಎಚ್‌ಡಿಗೆ ಹೆಚ್ಚಾಗಿ ಕೊಡುವ ಮೀಥೈಲ್‌ಫೆನಿಡೇಟ್ ತಗೊಳ್ಳುವ ಮಗುವಾದರೆ ಇನ್ನೂ ಒಂದು ವಿಷಯ. ಇದು ನಮ್ಮ ದೇಶದಲ್ಲಿ ಷೆಡ್ಯೂಲ್ ಎಕ್ಸ್ ಅನ್ನುವ ಬಿಗಿ ನಿಯಂತ್ರಣದ ಪಟ್ಟಿಯಲ್ಲಿರುವ ಔಷಧಿ. ಎಲ್ಲ ಮೆಡಿಕಲ್ ಶಾಪಲ್ಲೂ ಇಟ್ಟಿರುವುದಿಲ್ಲ, ಚೀಟಿ ಇಲ್ಲದೆ ಕೊಡುವುದೂ ಇಲ್ಲ. "ಹೊಸಪೇಟೇಲಿ ತಗೊಂಡ್ರಾಯ್ತು" ಅಂತ ಹೊರಟರೆ ಕೆಟ್ಟಿರಿ. ಬೇಕಾದ್ದಕ್ಕಿಂತ ಎರಡು ದಿನದ್ದು ಜಾಸ್ತಿಯೇ ಇಟ್ಟುಕೊಳ್ಳಿ, ಮೂಲ ಚೀಟಿಯೂ ಜೊತೆಗಿರಲಿ. ರಜಕ್ಕೆ ಊರಿಗೆ ಬರುವ ಅಮೆರಿಕದ ಕನ್ನಡಿಗರೂ ಇದನ್ನು ನೆನಪಿಡಬೇಕು. ಅಲ್ಲಿ ಮಾಮೂಲಾಗಿ ಕೊಡುವ ಆಂಫೆಟಮಿನ್ ಗುಂಪಿನ ಮಾತ್ರೆ ಇಲ್ಲಿನ ಅಂಗಡಿಯಲ್ಲಿ ಸಿಗುತ್ತದೆ ಅಂತ ನಂಬಿ ಬರಬೇಡಿ. ಯುಎಇಯಂಥ ಕೆಲವು ದೇಶಗಳಿಗೆ ಹೋಗುವಾಗ ಇಂಥ ಔಷಧಿಗೆ ಮುಂಚೆಯೇ ಅನುಮತಿ ಪಡೆಯಬೇಕು.

ಹಂತ 2: ಒಂದು ದಿನದ ಅಭ್ಯಾಸ, ಚನ್ನಪಟ್ಟಣ

ನೇರ ಹಂಪಿಗೆ ಹೊರಡಬೇಡಿ. ಬೆಂಗಳೂರು, ಮೈಸೂರು, ಮಂಡ್ಯದ ಕಡೆಯವರಿಗೆ ಅಭ್ಯಾಸಕ್ಕೆ ಚನ್ನಪಟ್ಟಣಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ಬೆಂಗಳೂರಿಂದ ಸುಮಾರು 60 ಕಿಲೋಮೀಟರ್, ರೈಲೂ ಇದೆ. ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸು ಬರಬಹುದು.

ಅಂಗಡಿ ಸಾಲಿಗೆ ಆಮೇಲೆ ಹೋಗಿ. ಮೊದಲು ಗೊಂಬೆ ಮಾಡುವ ಕಡೆ ಹೋಗಿ, ಕೇಳಿಕೊಂಡರೆ ಸಾಮಾನ್ಯವಾಗಿ ನೋಡಲು ಬಿಡುತ್ತಾರೆ. ಅಲ್ಲಿ ಹಾಲೆ ಮರದ ತುಂಡು ಲೇತ್‌ನಲ್ಲಿ ಗಿರ್ರನೆ ತಿರುಗುತ್ತಿರುತ್ತದೆ. ಕುಶಲಕರ್ಮಿ ಉಳಿ ಹಿಡಿದರೆ ಸಿಪ್ಪೆ ಸುರುಳಿ ಸುರುಳಿಯಾಗಿ ಹಾರುತ್ತದೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕೊನೆಗೆ ತಾಳೆ ಗರಿ ಹಿಡಿದು ಉಜ್ಜಿದರೆ ಫಳಫಳ ಹೊಳಪು. ಕಣ್ಣೆದುರೇ ಐದಾರು ನಿಮಿಷಕ್ಕೆ ಒಂದು ಬುಗುರಿ ತಯಾರು! ಹೋಮ್‌ವರ್ಕ್ ಮುಂದೆ ಎರಡು ನಿಮಿಷ ಕೂರದ ಮಗು ಇದರ ಮುಂದೆ ಅಲುಗಾಡದೆ ನಿಲ್ಲುವುದುಂಟು. ಎಡಿಎಚ್‌ಡಿ ಇರುವ ಮಗುವಿಗೆ ಗಮನವೇ ಇಲ್ಲ ಅನ್ನುವುದು ಸುಳ್ಳು. ಬೇಕಾದ ಕಡೆ, ಬೇಕಾದಷ್ಟು ಹೊತ್ತು ಅದನ್ನು ನಿಲ್ಲಿಸುವುದು ಕಷ್ಟ.

ಇಲ್ಲಿ ಮಗುವಿನ ಕೆಲಸ: ಒಂದು ಗೊಂಬೆ ತಯಾರಾಗುವ ಹಂತಗಳನ್ನು ಬೆರಳು ಮಡಚಿ ಎಣಿಸುವುದು. ರೈಲಿನಲ್ಲಿ ವಾಪಸು ಬರುವಾಗ ಅದನ್ನು ನಿಮಗೆ ಹೇಳಬೇಕು. ಹಂತ ಹಿಂದುಮುಂದಾದರೂ ಪರವಾಗಿಲ್ಲ.

ಇದರ ಜೊತೆಗೆ ನೀವು ಗಮನಿಸಬೇಕಾದ್ದು ಬೇರೆ ಇದೆ. ಎಷ್ಟು ಹೊತ್ತಾದ ಮೇಲೆ ಮಗು ಕಿರಿಕಿರಿ ಶುರು ಮಾಡಿತು? ಅದಕ್ಕೆ ಮುಂಚೆ ಏನು ಸುಳಿವು ಕೊಟ್ಟಿತು? ಕೆಲವರು ಉಗುರು ಕಚ್ಚುತ್ತಾರೆ, ಕೆಲವರು ಸುಮ್ಮಸುಮ್ಮನೆ ತಂಗಿಯನ್ನು ತಿವಿಯುತ್ತಾರೆ. ಮುಂದೆ ಹಂಪಿಯ ವೇಳಾಪಟ್ಟಿಯನ್ನು ಈ ಗಡಿಯಾರದ ಮೇಲೆಯೇ ಹಾಕಬೇಕು.

ಹಂತ 3: ಮನೆಯಲ್ಲೇ ಹಂಪಿ ಶುರು

ಐವತ್ತು ರೂಪಾಯಿಯ ಹೊಸ ನೋಟು ತಗೊಳ್ಳಿ. ಹಿಂದೆ ತಿರುಗಿಸಿ. ಹಂಪಿಯ ಕಲ್ಲಿನ ರಥ ಇದೆ. "ಇದು ನಿಜವಾಗ್ಲೂ ಇದೆ, ಹೋಗಿ ನೋಡೋಣ್ವಾ?" ಅಂತ ಕೇಳಿ. ಆ ನೋಟನ್ನು ಮಗುವಿನ ಕೈಗೇ ಕೊಟ್ಟುಬಿಡಿ. ಚಿತ್ರದಲ್ಲಿರುವುದಕ್ಕೂ ಅಲ್ಲಿರುವುದಕ್ಕೂ ಏನೇನು ವ್ಯತ್ಯಾಸ ಅಂತ ಹುಡುಕುವುದು ಅದರ ಕೆಲಸ. ವಿಜಯನಗರದ ಇತಿಹಾಸ ಪೂರ್ತಿ ಹೇಳಲು ಹೋಗಬೇಡಿ. ಎರಡು ಕಥೆ ಸಾಕು.

ಆಮೇಲೆ ದಿನದ ಯೋಜನೆಯನ್ನು ಚಿತ್ರದಲ್ಲಿ ಬರೆಯಿರಿ. ರೈಲು, ತಿಂಡಿ, ಆನೆಲಾಯ, ಊಟ, ನಿದ್ದೆ ಹೀಗೆ ಐದಾರು ಚೌಕ. ಒಂದೊಂದು ಮುಗಿದಂತೆ ಮಗು ಗೀಟು ಹಾಕಬೇಕು. ಈ ಮಕ್ಕಳಿಗೆ "ಇನ್ನು ಸ್ವಲ್ಪ ಹೊತ್ತು" ಅನ್ನುವುದು ಅರ್ಥವಾಗುವುದೇ ಇಲ್ಲ. ಮುಂದೇನು ಅಂತ ಕಣ್ಣಿಗೆ ಕಂಡರೆ ಅರ್ಧ ಜಗಳ ಕಡಿಮೆ. ಒಂದು ಚೌಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಡಿ. ಅಲ್ಲಿ ಏನು ಬೇಕಾದರೂ ಬರಬಹುದು ಅಂತ ಮೊದಲೇ ಹೇಳಿಟ್ಟರೆ, ಮಳೆ ಬಂದಾಗಲೋ ಬಾಗಿಲು ಮುಚ್ಚಿದ್ದಾಗಲೋ ಅದು ಉಪಯೋಗಕ್ಕೆ ಬರುತ್ತದೆ.

ಜೊತೆಗೆ ಬರುವ ದೊಡ್ಡವರಿಗೂ ತಯಾರಿ ಬೇಕು. ನನ್ನ ಕೇಳಿದರೆ ಇದೇ ಕಷ್ಟದ ಭಾಗ. "ನಮ್ ಕಾಲ್ದಲ್ಲಿ ಎರಡು ಬಿಟ್ರೆ ಸುಮ್ನಾಗ್ತಿದ್ವಿ" ಅನ್ನುವ ಮಾವಂದಿರು ಎಲ್ಲ ಮನೆಯಲ್ಲೂ ಇರುತ್ತಾರೆ. ಅವರ ಜೊತೆ ವಾದಕ್ಕೆ ಇಳಿಯಬೇಡಿ. ಹೊರಡುವ ಮುಂಚೆಯೇ ಹೇಳಿಬಿಡಿ: "ಮಾವ, ಅಲ್ಲಿ ಅವನು ರೇಗಿದ್ರೆ ಹತ್ತು ನಿಮಿಷ ನಮ್ಮಿಬ್ಬರನ್ನೇ ಬಿಟ್ಬಿಡಿ. ನಾನು ನೋಡ್ಕೋತೀನಿ." ಅಜ್ಜಿಗೆ ಕಥೆ ಹೇಳುವ ಜವಾಬ್ದಾರಿ ಕೊಡಿ. ಅವರು ಹೇಗೂ ಹೇಳುವವರೇ, ರಾಮಾಯಣದಲ್ಲಿ ಯಾವ ಭಾಗ ಅನ್ನುವುದನ್ನು ಮಾತ್ರ ನೀವು ಸೂಚಿಸಿ.

ಹಂತ 4: ಚೀಲ ಮತ್ತು ರೈಲು

ನವೆಂಬರ್‌ನಿಂದ ಫೆಬ್ರವರಿ ಒಳ್ಳೆ ಕಾಲ. ಹಂಪಿ ಉತ್ಸವದ ದಿನಗಳನ್ನು ಮಾತ್ರ ಬಿಟ್ಟುಬಿಡಿ. ಉತ್ಸವ ಚೆನ್ನಾಗಿಯೇ ಇರುತ್ತದೆ, ಆದರೆ ಆ ಜನಜಂಗುಳಿ, ಆ ಮೈಕು ಮೊದಲ ಸಲಕ್ಕೆ ಬೇಡ. ಬೇಸಿಗೆ ರಜದಲ್ಲಂತೂ ಬೇಡವೇ ಬೇಡ. ಬಂಡೆ ಕಾದು ಬೆಂಕಿಯಾಗಿರುತ್ತದೆ.

ಬೆಂಗಳೂರಿಂದ ಹಂಪಿ ಎಕ್ಸ್‌ಪ್ರೆಸ್ ರಾತ್ರಿ ರೈಲು. ಹತ್ತಿ ಮಲಗಿದರೆ ಬೆಳಿಗ್ಗೆ ಹೊಸಪೇಟೆ. ಕಾರಿಗಿಂತ ಇದೇ ವಾಸಿ. ಸೀಟ್ ಬೆಲ್ಟ್ ಹಾಕಿಕೊಂಡು ಆರೇಳು ಗಂಟೆ ಕೂರುವುದು ಇಂಥ ಮಗುವಿಗೆ ಶಿಕ್ಷೆ. ರೈಲಿನಲ್ಲಿ ಎದ್ದು ಓಡಾಡಬಹುದು. ಬೋಗಿಯ ಬಾಗಿಲ ಹತ್ತಿರ ಮಾತ್ರ ಒಂದು ಕಣ್ಣು ಇಟ್ಟಿರಿ. ಮುಂದೆ ಹಿಂದೆ ನೋಡದೆ ನುಗ್ಗುವುದು ಈ ತೊಂದರೆಯ ಒಂದು ಲಕ್ಷಣವೇ.

ಚೀಲದಲ್ಲಿ ಟೋಪಿ, ಜಾಸ್ತಿ ನೀರು, ಕಡಲೆಬೀಜ, ಚಕ್ಕುಲಿ, ಕೈಯಲ್ಲಿ ಹಿಸುಕಲು ಮೆತ್ತನೆ ಚೆಂಡು, ಒಂದು ಮರಳುಗಡಿಯಾರ, ಸಣ್ಣ ನೋಟ್‌ಬುಕ್. ಗದ್ದಲ ಸಹಿಸದ ಮಗುವಾದರೆ ಕಿವಿಗೆ ಹಾಕುವ ಇಯರ್‌ಮಫ್. ನಿಮ್ಮ ಫೋನ್ ನಂಬರನ್ನು ಪೆನ್ನಿನಲ್ಲಿ ಮಗುವಿನ ಮುಂಗೈ ಮೇಲೆ ಬರೆದುಬಿಡಿ. ಚೀಟಿ ಬರೆದು ಜೇಬಲ್ಲಿಟ್ಟರೆ ಮಧ್ಯಾಹ್ನದೊಳಗೆ ಅದು ಕಾಗದದ ದೋಣಿಯಾಗಿರುತ್ತದೆ.

ಊಟದ ವಿಷಯ. ಮೀಥೈಲ್‌ಫೆನಿಡೇಟ್ ಹಸಿವನ್ನು ಕಡಿಮೆ ಮಾಡುತ್ತದೆ. ಹಾಗಾಗಿ ಮಾತ್ರೆಗೆ ಮುಂಚೆ ಬೆಳಗಿನ ತಿಂಡಿ ಹೊಟ್ಟೆ ತುಂಬ ಆಗಲಿ. ಮಧ್ಯಾಹ್ನ ತಟ್ಟೆ ಮುಟ್ಟದಿದ್ದರೆ ಬೈಯಬೇಡಿ. ಸಂಜೆ ಔಷಧಿ ಇಳಿದ ಮೇಲೆ ಹಸಿವು ವಾಪಸು ಬರುತ್ತದೆ, ಆಗ ಮೊಸರನ್ನ ಕೇಳಿ ಕೇಳಿ ತಿನ್ನುತ್ತದೆ. ಔಷಧಿ ಇಳಿಯುವ ಆ ಹೊತ್ತಿಗೇ ಕೆಲವು ಮಕ್ಕಳಿಗೆ ಸಿಡುಕೂ ಜಾಸ್ತಿ. ಹಾಗಾಗಿ ಸಂಜೆಗೆ ದೊಡ್ಡ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ.

ಹಂತ 5: ಹಂಪಿಯಲ್ಲಿ, ಮೊದಲ ದಿನ

ರೈಲು ಇಳಿದ ಕೂಡಲೇ ಓಡಬೇಡಿ. ರೂಮು, ಸ್ನಾನ, ತಿಂಡಿ. ಆಮೇಲೆ ಕಮಲಾಪುರದ ಮ್ಯೂಸಿಯಂ. ಶುಕ್ರವಾರ ಅದಕ್ಕೆ ರಜ, ದಿನ ನೋಡಿಕೊಂಡು ಹೊರಡಿ. ಅಲ್ಲಿ ಇಡೀ ಹಂಪಿಯ ಮಾದರಿ ಇದೆ. ಬೆಟ್ಟ, ಹೊಳೆ, ಗುಡಿ ಎಲ್ಲ ಪುಟ್ಟಪುಟ್ಟದಾಗಿ. ಮಗು ಅದನ್ನು ಸುತ್ತು ಹಾಕಿ, ತಾನು ನೋಡಬೇಕಾದ ಜಾಗಗಳು ಎಲ್ಲಿವೆ ಅಂತ ತೋರಿಸಲಿ. ಒಳಗಿನ ವಿಗ್ರಹಗಳನ್ನು ನೀವು ನೋಡಲೇಬೇಕು ಅಂದರೆ ಒಬ್ಬರು ಮಗುವಿನ ಜೊತೆ ಹೊರಗಿರಿ.

ಅಲ್ಲಿಂದ ಮಹಾನವಮಿ ದಿಬ್ಬದ ಪಕ್ಕದ ಮೆಟ್ಟಿಲು ಪುಷ್ಕರಣಿ. 1980ರ ದಶಕದಲ್ಲಿ ಮಣ್ಣು ಅಗೆದಾಗ ಸಿಕ್ಕಿದ್ದು. ಕಪ್ಪು ಕಲ್ಲು, ಇಳಿಯುತ್ತಾ ಹೋಗುವ ಮೆಟ್ಟಿಲುಗಳು. ಇದರ ಕಲ್ಲುಗಳ ಮೇಲೆ ಯಾವುದು ಎಲ್ಲಿ ಕೂರಬೇಕು ಅಂತ ಶಿಲ್ಪಿಗಳು ಗುರುತು ಕೆತ್ತಿದ್ದಾರೆ. ಬ್ಲಾಕ್ಸ್ ಆಡುವ ಮಗುವಿಗೆ ಇದನ್ನು ಹೇಳಿ ನೋಡಿ. ಎಲ್ಲೋ ಕಲ್ಲು ಕಡಿದು, ನಂಬರ್ ಹಾಕಿ, ಇಲ್ಲಿಗೆ ತಂದು ಜೋಡಿಸಿದರು ಅಂದರೆ ಕಣ್ಣು ಅರಳುತ್ತದೆ. ನೀರಿಗೆ ಇಳಿಯಲು ಬಿಡುವುದಿಲ್ಲ, ಅದನ್ನು ಮೊದಲೇ ಹೇಳಿ. ಪಕ್ಕದ ದಿಬ್ಬ ಹತ್ತುವುದಕ್ಕೆ ಅಡ್ಡಿಯಿಲ್ಲ. ಹತ್ತಿ ಇಳಿಯಲಿ, ಮತ್ತೆ ಹತ್ತಲಿ.

ಹನ್ನೊಂದೂವರೆಗೆ ರೂಮಿಗೆ. ಇದರಲ್ಲಿ ರಾಜಿ ಬೇಡ. "ಇಷ್ಟು ದೂರ ಬಂದು ಮಲಗೋದಾ?" ಅಂತ ಯಾರಾದರೂ ಗೊಣಗಿಯೇ ಗೊಣಗುತ್ತಾರೆ. ಗೊಣಗಲಿ.

ನಾಲ್ಕು ಗಂಟೆಗೆ ಆನೆಲಾಯ. ಹನ್ನೊಂದು ಕೋಣೆ, ಮೇಲಿನ ಗುಮ್ಮಟಗಳು ಎಲ್ಲವೂ ಒಂದೇ ಥರ ಇಲ್ಲ. ಮಗುವಿನ ಕೆಲಸ: ಒಂದೇ ಥರ ಇರುವ ಗುಮ್ಮಟಗಳ ಜೋಡಿ ಹುಡುಕುವುದು. ಮುಂದಿನ ಹುಲ್ಲುಹಾಸು ದೊಡ್ಡದು, ಓಡಲು ಬೇಕಾದಷ್ಟು ಜಾಗ. ಇಲ್ಲಿನ ಟಿಕೆಟ್ ಅದೇ ದಿನ ವಿಠ್ಠಲ ದೇವಸ್ಥಾನಕ್ಕೂ ನಡೆಯುತ್ತದೆ ಅಂತ ಸಂಜೆಯೇ ಅಲ್ಲಿಗೂ ಓಡುವ ಆಸೆ ಬೇಡ. 15 ವರ್ಷದೊಳಗಿನ ಮಕ್ಕಳಿಗೆ ಹೇಗೂ ಟಿಕೆಟ್ ಇಲ್ಲ. ನಿಮ್ಮದೊಂದು ಇನ್ನೊಂದು ಸಲ ತಗೊಂಡರೆ ನಷ್ಟವೇನಿಲ್ಲ.

ಹಂತ 6: ಎರಡನೆಯ ದಿನ

ಬೆಳಿಗ್ಗೆ ಬೇಗ ವಿಠ್ಠಲ ದೇವಸ್ಥಾನ. ವಾಹನ ನಿಲ್ಲಿಸುವ ಜಾಗದಿಂದ ಬ್ಯಾಟರಿ ಗಾಡಿ ಇದೆ. ಕ್ಯೂ ಉದ್ದ ಇದ್ದರೆ ನಡೆದುಬಿಡಿ, ಸುಮಾರು ಒಂದು ಕಿಲೋಮೀಟರ್. ಕ್ಯೂ ಚಿಕ್ಕದಿದ್ದರೆ ಮರಳುಗಡಿಯಾರ ಮಗುವಿನ ಕೈಗೆ ಕೊಡಿ. "ಇದು ಎರಡು ಸಲ ಖಾಲಿಯಾಗೋದ್ರೊಳಗೆ ನಮ್ಮ ಸರದಿ ಬರತ್ತಾ ನೋಡು." ಕಾಯುವ ಅಭ್ಯಾಸ ಅಂದರೆ ಇದೇ. ಕಾದು ನಿಂತರೆ ಆಗಲೇ ಮೆಚ್ಚಿ ಮಾತಾಡಿ. ಸಂಜೆ ಐಸ್‌ಕ್ರೀಮ್ ಕೊಡಿಸುತ್ತೇನೆ ಅನ್ನುವ ಭರವಸೆಗಿಂತ ಆ ಕ್ಷಣದ "ಭೇಷ್, ನಿಂತೇಬಿಟ್ಟೆಯಲ್ಲ!" ಈ ಮಕ್ಕಳಿಗೆ ಜಾಸ್ತಿ ನಾಟುತ್ತದೆ.

ರಥದ ಮುಂದೆ ಐವತ್ತರ ನೋಟು ಹೊರಗೆ ಬರಲಿ. ವ್ಯತ್ಯಾಸ ಹುಡುಕುವ ಆಟ ಇಲ್ಲಿ. ರಥ ಹತ್ತುವಂತಿಲ್ಲ, ಸಂಗೀತದ ಕಂಬ ತಟ್ಟುವಂತಿಲ್ಲ. "ಮುಟ್ಟಬೇಡ, ಹತ್ತಬೇಡ, ಓಡಬೇಡ" ಅಂತ ಒಂದೇ ಉಸಿರಿಗೆ ಹೇಳಿದರೆ ಮೂರೂ ತಲೆಗೆ ಹೋಗುವುದಿಲ್ಲ. ಒಂದು ಸಲಕ್ಕೆ ಒಂದೇ ಮಾತು, ಅದೂ ಏನು ಮಾಡಬೇಕು ಅನ್ನುವ ಮಾತು: "ಕೈ ಬೆನ್ನ ಹಿಂದೆ ಕಟ್ಕೋ, ಬಾ ಸುತ್ತು ಹಾಕೋಣ."

ಬಿಸಿಲೇರುವ ಮುಂಚೆ ಹಜಾರರಾಮ ದೇವಸ್ಥಾನ. ಹೊರಗೋಡೆಯ ಮೇಲೆ ಸಾಲು ಸಾಲು ಆನೆ, ಕುದುರೆ, ಸೈನಿಕರು, ನರ್ತಕಿಯರು. ಒಳಗೆ ರಾಮಾಯಣದ ಚಿತ್ರಗಳು. ಅಜ್ಜಿಯ ಕಥೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಅಣ್ಣ ತಂಗಿ ಇಬ್ಬರೂ ಇದ್ದರೆ ಯಾರು ಮೊದಲು ಕಂಡುಹಿಡಿಯುತ್ತಾರೆ ಅಂತ ಪಂದ್ಯ ಕಟ್ಟಬೇಡಿ, ಸೋತವರ ಅಳು ಇಡೀ ಬೆಳಿಗ್ಗೆಯನ್ನು ನುಂಗುತ್ತದೆ. ಒಬ್ಬರಿಗೆ ಆನೆ, ಒಬ್ಬರಿಗೆ ಕುದುರೆ.

ಸಂಜೆಗೆ ವಿರೂಪಾಕ್ಷ, ಸೂರ್ಯ ಮುಳುಗುವ ಮುಂಚೆ. ಗರ್ಭಗುಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಗೋಡೆಯ ಮೇಲೆ ರಾಜಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ಸಣ್ಣ ಕಿಂಡಿಯಿಂದ ಬರುವ ಬೆಳಕಿನ ಆಟ ಅದು. ಬಿಸಿಲು ಇರಬೇಕು. ಮನೆಯಲ್ಲೇ ರಟ್ಟಿನ ಡಬ್ಬಕ್ಕೆ ಸೂಜಿಯಲ್ಲಿ ತೂತು ಮಾಡಿ, ಇನ್ನೊಂದು ಬದಿಗೆ ಬಟರ್ ಪೇಪರ್ ಅಂಟಿಸಿ ಕಿಟಕಿ ಕಡೆ ಹಿಡಿದು ನೋಡಿದ್ದರೆ, "ಅದೇ ಇದು!" ಅಂತ ಮಗುವೇ ಕೂಗುತ್ತದೆ. ದರ್ಶನದ ಕ್ಯೂ ಉದ್ದ ಇದ್ದರೆ ದೊಡ್ಡವರಲ್ಲಿ ಒಬ್ಬರು ನಿಲ್ಲಿ, ಮಗು ಹತ್ತಿರ ಬಂದಾಗ ಸೇರಿಕೊಳ್ಳಲಿ. ಹಿಂದೆ ನಿಂತವರಿಗೆ ಒಂದು ಮಾತು ಹೇಳಿದರೆ ಬಹಳಷ್ಟು ಜನ ಬಿಡುತ್ತಾರೆ. ಇಲ್ಲಿ ಕೋತಿ ಜಾಸ್ತಿ, ಕೈಯಲ್ಲಿ ಬಾಳೆಹಣ್ಣು ಹಿಡಿದು ಓಡುವ ಮಗುವಿಗೆ ಅಪಾಯ. ತಿಂಡಿ ಚೀಲದೊಳಗೇ ಇರಲಿ.

ತುಂಗಭದ್ರೆಯಲ್ಲಿ ತೆಪ್ಪದ ಸವಾರಿ ಬೇಕೋ ಬೇಡವೋ? ಹೇಳಿದ ಮಾತು ಕೇಳಿ ಕೂರುವ ಮಗುವಾದರೆ, ಲೈಫ್ ಜಾಕೆಟ್ ಕೊಟ್ಟರೆ, ನೀರು ಕಡಿಮೆ ಇದ್ದರೆ ಹೋಗಿ. ಮೂರರಲ್ಲಿ ಒಂದು ಇಲ್ಲದಿದ್ದರೂ ದಂಡೆಯಲ್ಲಿ ನಿಂತು ನೋಡಿ.

ಹಂತ 7: ರೇಗಿದಾಗ

ರೇಗದೆ ಇರುವುದಿಲ್ಲ. ಎಷ್ಟೇ ತಯಾರಿ ಮಾಡಿದರೂ ಎರಡು ದಿನದಲ್ಲಿ ಒಮ್ಮೆಯಾದರೂ ಬಾಲ ಸುಟ್ಟ ಬೆಕ್ಕಿನ ಹಾಗೆ ಆಡುವ ಗಳಿಗೆ ಬರುತ್ತದೆ. ಆಗ ಜನರಿಂದ ದೂರ, ನೆರಳಿಗೆ ಕರೆದುಕೊಂಡು ಹೋಗಿ. ನೀರು ಕೊಡಿ. ಮಾತು ಕಡಿಮೆ. ಉಪದೇಶ, ಬೆದರಿಕೆ, "ಎಲ್ರೂ ನೋಡ್ತಿದಾರೆ" ಇವೆಲ್ಲ ಬೇಡ. ಹತ್ತಿರ ಕೂತು, ಅದು ಇಳಿಯುವವರೆಗೆ ಕಾಯಿರಿ. ಹಸಿವಾಗಿದೆಯಾ, ಬಿಸಿಲಾ, ಮೂತ್ರಕ್ಕೆ ಹೋಗಬೇಕಾ ಅಂತ ನೋಡಿ. ಹೆಚ್ಚಿನ ಸಲ ಕಾರಣ ಇದರಲ್ಲೇ ಇರುತ್ತದೆ. ಸಿಹಿ ತಿಂದಿದ್ದಕ್ಕೇ ಹೀಗಾಯ್ತು ಅಂತ ಮಿಠಾಯಿಯ ಮೇಲೆ ತಪ್ಪು ಹಾಕುವವರಿದ್ದಾರೆ. ಪರೀಕ್ಷೆ ಮಾಡಿ ನೋಡಿದವರಿಗೆ ಅದಕ್ಕೆ ಆಧಾರ ಸಿಕ್ಕಿಲ್ಲ.

ಇಳಿದ ಮೇಲೆ ಆ ಜಾಗಕ್ಕೆ ಮತ್ತೆ ಎಳೆದುಕೊಂಡು ಹೋಗಬೇಡಿ. ಚಿತ್ರದ ಪಟ್ಟಿಯಲ್ಲಿ ಮುಂದಿನ ಚೌಕಕ್ಕೆ ಹೋಗಿ.

ಹಂತ 8: ಮುಂದಿನ ಸಲಕ್ಕೆ ಯಕ್ಷಗಾನ, ಜಾತ್ರೆ

ಹಂಪಿ ಸುಧಾರಿಸಿದರೆ ಕರಾವಳಿ ಕಡೆ ನೋಡಿ. ಯಕ್ಷಗಾನ ಮೇಳಗಳ ತಿರುಗಾಟ ನವೆಂಬರ್ ಹೊತ್ತಿಗೆ ಶುರುವಾಗಿ ಮೇ ಕೊನೆಯ ಪತ್ತನಾಜೆ ಅನ್ನುವ ದಿನದವರೆಗೆ ಇರುತ್ತದೆ. ಇಡೀ ರಾತ್ರಿಯ ಆಟ ಬೇಡ, ಕೆಲವೇ ಗಂಟೆಯಲ್ಲಿ ಮುಗಿಯುವ ಕಾಲಮಿತಿ ಪ್ರಯೋಗ ಹುಡುಕಿ. ಆಟಕ್ಕಿಂತ ಒಂದು ಗಂಟೆ ಮುಂಚೆ ಹೋಗಿ, ಮೇಳದವರನ್ನು ಕೇಳಿ, ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಬಣ್ಣ ಹಚ್ಚುವುದನ್ನು ತೋರಿಸಿ. ಮಾಮೂಲಿ ಮನುಷ್ಯರೊಬ್ಬರು ಕಣ್ಣೆದುರೇ ರಾಕ್ಷಸನಾಗುವುದನ್ನು ನೋಡಿದ ಮಗು, ಅದೇ ರಾಕ್ಷಸ ರಂಗಸ್ಥಳಕ್ಕೆ ಬರುವವರೆಗೆ ಕಾಯುತ್ತದೆ. ಚೆಂಡೆಯ ಸದ್ದು ಜೋರು. ಹಿಂದಿನ ಸಾಲಲ್ಲಿ, ಹೊರಗೆ ಹೋಗಲು ದಾರಿ ಇರುವ ಕಡೆ ಕೂತುಕೊಳ್ಳಿ.

ಜಾತ್ರೆಗೆ ತೇರಿನ ದಿನ ಬೇಡ, ಹಿಂದಿನ ದಿನ ಹೋಗಿ ತೇರು ಕಟ್ಟುವುದನ್ನು ನೋಡಿ. ಮೈಸೂರು ದಸರಾ ಜಂಬೂಸವಾರಿಯಂತೂ ಟಿವಿಯಲ್ಲೇ ಚೆನ್ನ. ಅರಮನೆಯ ದೀಪ ಭಾನುವಾರ ಸಂಜೆಯೂ ಹಚ್ಚುತ್ತಾರೆ.

ಹಂತ 9: ಮನೆಗೆ ಬಂದ ಮೇಲೆ

ಭಾನುವಾರ ರಾತ್ರಿ ಬಂದು ಸೋಮವಾರ ಬೆಳಿಗ್ಗೆ ಶಾಲೆಗೆ ಕಳಿಸಬೇಡಿ. ಒಂದು ದಿನ ಖಾಲಿ ಬಿಡಿ. ನಿದ್ದೆ ಕೆಟ್ಟರೆ ಎಡಿಎಚ್‌ಡಿಯ ತೊಂದರೆಗಳೂ ಏರುತ್ತವೆ.

ಆ ದಿನವೇ ನಿಮ್ಮ ನೋಟ್‌ಬುಕ್‌ನಲ್ಲಿ ನಾಲ್ಕು ಸಾಲು ಬರೆದಿಡಿ. ಮಗು ಯಾವುದರ ಮುಂದೆ ತಾನಾಗಿ ನಿಂತಿತು, ಎಷ್ಟು ಹೊತ್ತು? ಯಾವ ಹೊತ್ತಿನಲ್ಲಿ ರೇಗಿತು? ಯಾವ ಕೆಲಸವನ್ನು ಪೂರ್ತಿ ಮುಗಿಸಿತು? ನಿದ್ದೆ, ಊಟ ಹೇಗಿತ್ತು? "ಚೆನ್ನಾಗಿತ್ತು" ಅನ್ನುವುದಕ್ಕಿಂತ "ಸಂಜೆ ಐದರ ಮೇಲೆ ದಿನಾ ಸಿಡುಕು" ಅನ್ನುವುದು ಡಾಕ್ಟರಿಗೆ ನೂರು ಪಾಲು ಉಪಯೋಗ. ಔಷಧಿಯ ಹೊತ್ತು ಬದಲಿಸಬೇಕೋ ಅಂತ ಅವರು ಅದರಿಂದ ನೋಡಬಹುದು.

ಟೀಚರಿಗೂ ಒಂದು ಮಾತು ಹೇಳಿ. ಹಂಪಿಯ ಬಗ್ಗೆ ಪ್ರಬಂಧ ಬರೆಸುವ ಬದಲು, ಮಗು ತೆಗೆದ ಫೋಟೊ ಹಿಡಿದು ನಿಂತುಕೊಂಡು ಎರಡು ನಿಮಿಷ ಹೇಳಲಿ ಅಂತ ಕೇಳಿ. ಬರೆಯುವುದು, ಓದುವುದು ಬಹಳ ಕಷ್ಟವಾಗುತ್ತಿದೆ ಅಂತ ಟೀಚರೂ ಹೇಳಿದರೆ ಕಲಿಕೆಯ ತೊಂದರೆಗೂ ಪರೀಕ್ಷೆ ಮಾಡಿಸಿ. ಎಡಿಎಚ್‌ಡಿಯ ಜೊತೆ ಅದು ಎಷ್ಟೋ ಮಕ್ಕಳಲ್ಲಿ ಇರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಎಡಿಎಚ್‌ಡಿಯ ಹೆಸರಿಲ್ಲ, ನಿರ್ದಿಷ್ಟ ಕಲಿಕಾ ತೊಂದರೆಯ ಹೆಸರಿದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ಅನುಕೂಲ ಕೇಳುವಾಗ ಆ ಸರ್ಟಿಫಿಕೇಟ್ ಬೇಕಾಗುತ್ತದೆ. ಅದಕ್ಕೆ ಓಡಾಟ ಇದೆ, ಹತ್ತನೇ ಕ್ಲಾಸಿನವರೆಗೆ ಕಾಯದೆ ಈಗಲೇ ಶುರು ಮಾಡಿ.